ಕೃಷಿ ಇಂಜಿನಿಯರಿಂಗ್: ಪದವಿ ಸಿಗುತ್ತದೆ, ಕಂತು ಕಟ್ಟುವ ಸಂಬಳ ಸಿಗುತ್ತದೆಯೇ?

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಕರಜಗಿ ಅಂತ ಒಂದು ಊರಿದೆ. ನಕ್ಷೆಯಲ್ಲಿ ಮಹಾರಾಷ್ಟ್ರ, ಮನೆಯೊಳಗೆ ಕನ್ನಡ. ಜತ್ತದ ಪೂರ್ವ ಭಾಗದ ಬಹುತೇಕ ಹಳ್ಳಿಗಳ ಕಥೆಯೂ ಇದೇ. ಗಡಿ ದಾಟಿದರೆ ನಮ್ಮ ವಿಜಯಪುರ ಜಿಲ್ಲೆ.

ಈ ತಾಲೂಕಿನ ಹೆಸರು ಕರಾವಳಿಯ ನಮ್ಮಂಥವರ ಕಿವಿಗೆ ಜೋರಾಗಿ ಬಿದ್ದದ್ದು 2022ರ ನವೆಂಬರ್‌ನಲ್ಲಿ. ಜತ್ತದ 40 ಗ್ರಾಮ ಪಂಚಾಯತ್‌ಗಳು ಕರ್ನಾಟಕಕ್ಕೆ ಸೇರುತ್ತೇವೆ ಎಂದು ನಿರ್ಣಯ ಮಾಡಿವೆ ಎಂದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೇಳಿದರು. ಅದು 2012ರ ಹಳೆಯ ನಿರ್ಣಯ ಎಂದು ಮಹಾರಾಷ್ಟ್ರದ ದೇವೇಂದ್ರ ಫಡ್ನವೀಸ್ ಉತ್ತರ ಕೊಟ್ಟರು. ಟಿವಿಗಳು ಇದನ್ನು ಭಾಷೆಯ ಜಗಳ ಮಾಡಿದವು. ಆದರೆ ಹಳ್ಳಿಯವರು ಕೇಳುತ್ತಿದ್ದದ್ದು ನೀರು. ಕೆಲವೇ ದಿನಗಳಲ್ಲಿ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಜತ್ತದ ತಿಕ್ಕುಂಡಿ ಕೆರೆಗೆ ಹರಿಯಿತು. ಇತ್ತ ಮಹಾರಾಷ್ಟ್ರ ಸರಕಾರ ಮ್ಹೈಸಾಳ ಏತ ನೀರಾವರಿಯನ್ನು ಜತ್ತದ ಬಾಕಿ ಹಳ್ಳಿಗಳಿಗೆ ವಿಸ್ತರಿಸಲು ಸುಮಾರು 2 ಸಾವಿರ ಕೋಟಿ ರೂಪಾಯಿಯ ಯೋಜನೆಯನ್ನು ಮುಂದಕ್ಕೆ ತಂದಿತು.

ಎರಡು ರಾಜ್ಯಗಳೂ ನೀರಿನ ಮಾತಾಡಿದವು. ಆದರೆ ಆ ನೀರನ್ನು ಹೊಲದವರೆಗೆ ಒಯ್ಯುವುದು ಹೇಗೆಂದು ಕಲಿತು ಬರುವ ಹುಡುಗ-ಹುಡುಗಿಯರ ಬಗ್ಗೆ ಯಾರೂ ಮಾತಾಡಲಿಲ್ಲ. ಈ ಲೇಖನ ಅವರ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಅವರ ಅಪ್ಪ ಬ್ಯಾಂಕಿನಲ್ಲಿ ಸಹಿ ಹಾಕುವ ಸಾಲದ ಬಗ್ಗೆ.

ಏನಿದು ಓದು?

ಬಿ.ಎಸ್ಸಿ. ಅಗ್ರಿ ಎಲ್ಲರಿಗೂ ಗೊತ್ತು. ಕೃಷಿ ಇಂಜಿನಿಯರಿಂಗ್ ಬೇರೆ. ನಾಲ್ಕು ವರ್ಷದ ಬಿ.ಟೆಕ್. ಮಣ್ಣು ಮತ್ತು ಜಲ ಸಂರಕ್ಷಣೆ, ನೀರಾವರಿ ಮತ್ತು ಬಸಿಗಾಲುವೆ, ಟ್ರ್ಯಾಕ್ಟರ್ ಮತ್ತು ಕೃಷಿ ಯಂತ್ರಗಳು, ಬೆಳೆ ಸಂಸ್ಕರಣೆ, ಸೌರಶಕ್ತಿ ಇವೆಲ್ಲ ಇದರಲ್ಲಿ ಬರುತ್ತವೆ. ದಾಳಿಂಬೆ, ದ್ರಾಕ್ಷಿ ಬೆಳೆಯುವ, ಮಳೆ ಕೈಕೊಟ್ಟರೆ ಟ್ಯಾಂಕರ್ ನೀರು ಕಾಯುವ ಜತ್ತದಂಥ ತಾಲೂಕಿಗೆ ಇದಕ್ಕಿಂತ ಹೊಂದುವ ಓದು ಇನ್ನೊಂದಿಲ್ಲ. ಕೃಷಿಹೊಂಡ ಎಲ್ಲಿ ತೋಡಬೇಕು, ಹನಿ ನೀರಾವರಿ ಪೈಪು ಎಷ್ಟು ದಪ್ಪ ಇರಬೇಕು, ಪಂಪು ಎಷ್ಟು ಅಶ್ವಶಕ್ತಿಯದ್ದು ಬೇಕು ಎಂದು ಲೆಕ್ಕ ಹಾಕಿ ಹೇಳುವವರು ಇವರೇ.

ಕರ್ನಾಟಕದಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಮತ್ತು ಬೆಂಗಳೂರಿನ ಜಿಕೆವಿಕೆಯಲ್ಲಿ ಈ ಪದವಿ ಇದೆ. ಸಾಂಗ್ಲಿ ಜಿಲ್ಲೆ ಸೇರುವುದು ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠಕ್ಕೆ. ಅಲ್ಲಿಯೂ ಕೃಷಿ ಇಂಜಿನಿಯರಿಂಗ್ ಕಾಲೇಜು ಇದೆ. ಕೇರಳದಲ್ಲಿ ಮಲಪ್ಪುರಂ ಜಿಲ್ಲೆಯ ತವನೂರಿನಲ್ಲಿದೆ. ಇವೆಲ್ಲ ಸರಕಾರಿ. ಇದರ ಜೊತೆಗೆ ಖಾಸಗಿ ಕಾಲೇಜುಗಳೂ ಈ ಪದವಿ ಶುರು ಮಾಡಿವೆ. ಸಾಲದ ಕಥೆ ಹೆಚ್ಚಾಗಿ ಶುರುವಾಗುವುದು ಅಲ್ಲಿಂದಲೇ.

ಒಂದು ಮಗು, ಎರಡು ರಾಜ್ಯ

ಕರಾವಳಿಯವರು ಜತ್ತದ ವಿಷಯ ಯಾಕೆ ಓದಬೇಕು ಅಂತ ಕೇಳಬಹುದು. ಕಾರಣ ಇದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ನಿಯಮದಲ್ಲಿ 'ಗಡಿನಾಡು ಕನ್ನಡಿಗರು' ಎಂಬ ಅರ್ಹತೆ ಇದೆ. ಅದರಲ್ಲಿ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳ ಜೊತೆಗೇ ಕೇರಳದ ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳೂ ಇವೆ. ಅಂದರೆ ಕರಜಗಿಯ ಮಗುವೂ ಉಪ್ಪಳದ ಮಗುವೂ ಒಂದೇ ಬಾಗಿಲಲ್ಲಿ ನಿಂತಿರುತ್ತಾರೆ. ಇಬ್ಬರೂ ಸಿಇಟಿ ಜೊತೆಗೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಒಬ್ಬನಿಗೆ ವಿಜಯಪುರ ಹತ್ತಿರ, ಇನ್ನೊಬ್ಬನಿಗೆ ಮಂಗಳೂರು.

ಬಾಗಿಲು ತೆರೆದಿದೆ, ಒಳ್ಳೆಯದೇ. ಆದರೆ ಸೀಟು ಕೊಡುವ ರಾಜ್ಯವೇ ಹಣದ ಸಹಾಯವನ್ನೂ ಕೊಡುತ್ತದೆ ಅಂತ ತಿಳಿದುಕೊಂಡರೆ ಅಲ್ಲಿಯೇ ಎಡವಟ್ಟು. ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ನಿಗಮದ ಸಾಲ ಇವೆಲ್ಲ ಖಾಯಂ ವಾಸದ ಊರು ನೋಡಿ ಸಿಗುವಂಥವು.

ಒಂದು ಉದಾಹರಣೆ. ಮಹಾರಾಷ್ಟ್ರ ಸರಕಾರ 2024-25ರಿಂದ ವೃತ್ತಿಪರ ಕೋರ್ಸ್ ಸೇರುವ ಒಬಿಸಿ, ಎಸ್‌ಇಬಿಸಿ ಮತ್ತು ಆರ್ಥಿಕವಾಗಿ ಹಿಂದುಳಿದ ವರ್ಗದ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕವನ್ನು ಪೂರ್ತಿ ಮನ್ನಾ ಮಾಡಿದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಒಳಗಿರಬೇಕು ಅಷ್ಟೇ. ಬಾಗವಾನ, ತಾಂಬೋಳಿ, ಅತ್ತಾರ, ಪಿಂಜಾರ ಮುಂತಾದ ಮುಸ್ಲಿಂ ಸಮುದಾಯಗಳು ಮಹಾರಾಷ್ಟ್ರದ ಒಬಿಸಿ ಪಟ್ಟಿಯಲ್ಲಿವೆ. ಅಂದರೆ ಜತ್ತದ ಒಬ್ಬ ಬಾಗವಾನರ ಮಗಳು ಎಂಎಚ್‌ಟಿ-ಸಿಇಟಿ ಬರೆದು ಪ್ರವೇಶ ಪ್ರಕ್ರಿಯೆಯ ಮೂಲಕ ರಾಹುರಿಗೆ ಹೋದರೆ ದೊಡ್ಡ ಖರ್ಚು ಉಳಿಯುವುದು ಹಾಸ್ಟೆಲ್ ಮತ್ತು ಊಟದ್ದು. ಅದೇ ಹುಡುಗಿ ಕನ್ನಡದ ನಂಟಿಗೆ ರಾಯಚೂರಿಗೆ ಬಂದರೆ ಆ ಮನ್ನಾ ಹಿಂದೆ ಬರುವುದಿಲ್ಲ.

ಇತ್ತ ಕರ್ನಾಟಕದಲ್ಲಿ ನಮ್ಮ ಮಕ್ಕಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಇದೆ, ಬಡ್ಡಿಯ ಬದಲು ಶೇ. 2 ಸೇವಾ ಶುಲ್ಕ. ಅದು ಕರ್ನಾಟಕದ ಖಾಯಂ ನಿವಾಸಿಗಳಿಗೆ ಮಾತ್ರ. ಜತ್ತದ ಮುಸ್ಲಿಂ ಹುಡುಗ ರಾಯಚೂರಿನಲ್ಲೇ ಓದಿದರೂ ಅದು ಅವನಿಗಿಲ್ಲ. ಅವನು ಮುಂಬೈಯಲ್ಲಿ ಕಚೇರಿ ಇರುವ ಮೌಲಾನಾ ಆಝಾದ್ ಅಲ್ಪಸಂಖ್ಯಾತ ಆರ್ಥಿಕ ವಿಕಾಸ ಮಹಾಮಂಡಳಕ್ಕೆ ಅರ್ಜಿ ಹಾಕಬೇಕು. ಮಂಜೇಶ್ವರದ ಹುಡುಗನಿಗೂ ಇದೇ ಗತಿ, ಅವನು ಕೇರಳದ ನಿಗಮ ನೋಡಬೇಕು. ಕನ್ನಡದ ಹೆಸರಲ್ಲಿ ಸೀಟು ಕೊಟ್ಟ ಮೇಲೆ ಕನ್ನಡದ ಹೆಸರಲ್ಲಿ ನಾಲ್ಕು ವರ್ಷದ ನೆರವನ್ನೂ ಕೊಡಬಾರದೇ? ಗಡಿ ಪ್ರಾಧಿಕಾರ, ನಿಗಮ, ಇಲಾಖೆ ಎಲ್ಲ ಇವೆ. ಈ ಪ್ರಶ್ನೆ ಕೇಳುವವರು ಕಡಿಮೆ.

ಕಂತಿನ ಲೆಕ್ಕ

ಈಗ ಬ್ಯಾಂಕಿನ ಲೆಕ್ಕಕ್ಕೆ ಬರೋಣ. ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಆಸ್ತಿ ಅಡಮಾನ ಕೇಳುವಂತಿಲ್ಲ. 7.5 ಲಕ್ಷದವರೆಗಿನ ಸಾಲಕ್ಕೆ ಕೇಂದ್ರದ ಸಾಲ ಖಾತರಿ ನಿಧಿ ಇದೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ. ಆಮೇಲೆ ಗರಿಷ್ಠ 15 ವರ್ಷ ತೀರಿಸಬಹುದು. ಕೇಳಲು ಚೆನ್ನಾಗಿದೆ. ಆದರೆ ಕಂತು ಇಲ್ಲದ ಐದು ವರ್ಷವೂ ಬಡ್ಡಿ ನಿಲ್ಲುವುದಿಲ್ಲ.

ಸರಕಾರಿ ಕಾಲೇಜು, ಶುಲ್ಕ, ಹಾಸ್ಟೆಲ್, ಊಟ, ಪುಸ್ತಕ, ಲ್ಯಾಪ್‌ಟಾಪ್ ಎಲ್ಲ ಸೇರಿ ವರ್ಷಕ್ಕೆ 1 ಲಕ್ಷ ರೂಪಾಯಿ ಸಾಲ ತೆಗೆದದ್ದು ಅಂತ ಇಟ್ಟುಕೊಳ್ಳಿ. ಬಡ್ಡಿ ಶೇ. 10. ಪ್ರತಿ ವರ್ಷದ ಆರಂಭದಲ್ಲಿ ಹಣ ಕೈಗೆ ಬಂದರೆ, ಐದು ವರ್ಷ ಮುಗಿಯುವಾಗ ಸರಳ ಬಡ್ಡಿಯೇ 1.40 ಲಕ್ಷ ಆಗಿರುತ್ತದೆ. 4 ಲಕ್ಷದ ಸಾಲ 5.40 ಲಕ್ಷ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 7,100 ರೂಪಾಯಿ. ಹದಿನೈದು ವರ್ಷಕ್ಕೆ ಎಳೆದರೆ ಕಂತು 5,800ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಕಟ್ಟುವುದು 10 ಲಕ್ಷ ದಾಟುತ್ತದೆ.

ಖಾಸಗಿ ಕಾಲೇಜಿನಲ್ಲಿ ನಾಲ್ಕು ವರ್ಷಕ್ಕೆ 7.5 ಲಕ್ಷ ಸಾಲ ಅಂತ ಹಿಡಿದರೆ? ಇದೇ ಬಡ್ಡಿಯಲ್ಲಿ ಕಂತು ಶುರುವಾಗುವ ಹೊತ್ತಿಗೆ 10 ಲಕ್ಷ ದಾಟಿರುತ್ತದೆ. ಹತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 13,400, ಹದಿನೈದು ವರ್ಷಕ್ಕೆ ಸುಮಾರು 10,900 ರೂಪಾಯಿ. ಪದವಿಯ ಹೆಸರು ಒಂದೇ, ಕಂತು ಹೆಚ್ಚುಕಮ್ಮಿ ಎರಡು ಪಟ್ಟು.

ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಮಾಡುವುದು ಕೇಂದ್ರದ ಬಡ್ಡಿ ಸಹಾಯಧನ. ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದ ಒಳಗಿದ್ದು, ಕಾಲೇಜಿಗೆ ನಿಗದಿತ ಮಾನ್ಯತೆ ಇದ್ದರೆ, ಆ ಐದು ವರ್ಷದ ಬಡ್ಡಿಯನ್ನು ಕೇಂದ್ರವೇ ಕಟ್ಟುತ್ತದೆ. ಮೇಲಿನ ಮೊದಲ ಲೆಕ್ಕದಲ್ಲಿ 5.40 ಲಕ್ಷದ ಬದಲು 4 ಲಕ್ಷದಿಂದಲೇ ಕಂತು ಶುರು, ಹತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 5,300. 2024ರ ನವೆಂಬರ್‌ನಲ್ಲಿ ಬಂದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಲ್ಲಿ 8 ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೂ 10 ಲಕ್ಷದವರೆಗಿನ ಸಾಲಕ್ಕೆ ಆ ಅವಧಿಯಲ್ಲಿ ಶೇ. 3 ಬಡ್ಡಿ ರಿಯಾಯಿತಿ ಇದೆ. ಆದರೆ ರ್‍ಯಾಂಕಿಂಗ್ ನೋಡಿ ಆರಿಸಿದ ಸಂಸ್ಥೆಗಳಿಗೆ ಮಾತ್ರ, ಶುರುವಿನಲ್ಲಿ 860 ಸಂಸ್ಥೆ. ಊರಿಗೆ ಹತ್ತಿರ ಅಂತ ಸೇರಿದ ಹೊಸ ಕಾಲೇಜು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ರಿಯಾಯಿತಿ ಇಲ್ಲ.

ನಮ್ಮಲ್ಲಿ ಇನ್ನೊಂದು ವಿಷಯ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಬಡ್ಡಿಯ ಸಾಲ ಬೇಡ ಅಂತ ಎಷ್ಟೋ ಕುಟುಂಬಗಳು ಬ್ಯಾಂಕಿನ ಮೆಟ್ಟಿಲೇ ಹತ್ತುವುದಿಲ್ಲ. ಅವರ ಮನೆಯಲ್ಲಿ ತಾಯಿಯ ಬಂಗಾರ ಹೋಗುತ್ತದೆ, ಇಲ್ಲವೇ ಗಲ್ಫಿನಲ್ಲಿರುವ ಅಣ್ಣನ ಮದುವೆ ಮುಂದಕ್ಕೆ ಹೋಗುತ್ತದೆ. ಬ್ಯಾಂಕಿನ ಪುಸ್ತಕದಲ್ಲಿ ಇದು ಸಾಲವಲ್ಲ, ಮನೆಯ ಪುಸ್ತಕದಲ್ಲಿ ಸಾಲವೇ. ಮಗನ ಸಂಬಳದಿಂದ ಅದನ್ನೂ ತುಂಬಿಸಬೇಕು. ಹಾಗಾಗಿ ಮುಂದಿನ ಪ್ರಶ್ನೆ ಎರಡೂ ಬಗೆಯ ಕುಟುಂಬಗಳಿಗೆ ಒಂದೇ.

ಸಂಬಳ ಎಲ್ಲಿದೆ?

ಸರಕಾರಿ ನೌಕರಿ ಸಿಕ್ಕರೆ ಸಾಲ ಭಾರವೇ ಅಲ್ಲ. 2024ರ ಸೆಪ್ಟಂಬರ್‌ನಲ್ಲಿ ಕೆಪಿಎಸ್‌ಸಿ ಕೃಷಿ ಅಧಿಕಾರಿ ಮತ್ತು ಸಹಾಯಕ ಕೃಷಿ ಅಧಿಕಾರಿಗಳ 945 ಹುದ್ದೆ ಕರೆಯಿತು. ಆ ಅಧಿಸೂಚನೆಯಲ್ಲಿ ಸಹಾಯಕ ಕೃಷಿ ಅಧಿಕಾರಿಯ ಆರಂಭದ ಮೂಲ ವೇತನ 40,900, ಕೃಷಿ ಅಧಿಕಾರಿಗೆ 43,100 ರೂಪಾಯಿ ಎಂದಿತ್ತು. ಬ್ಯಾಂಕುಗಳ ಕೃಷಿ ಕ್ಷೇತ್ರ ಅಧಿಕಾರಿ ಹುದ್ದೆಗೆ ಐಬಿಪಿಎಸ್ ಪರೀಕ್ಷೆ ಬರೆಯಲು ಕೃಷಿ ಇಂಜಿನಿಯರ್‌ಗಳೂ ಅರ್ಹರು. ಅಲ್ಲಿ ಆರಂಭದ ಮೂಲ ವೇತನ 48,480. ಇಂಥ ಸಂಬಳಕ್ಕೆ 7,100ರ ಕಂತು ಆರರಲ್ಲಿ, ಏಳರಲ್ಲಿ ಒಂದು ಪಾಲು.

ಆದರೆ ಆ 945 ಹುದ್ದೆಗಳ ಹಂಚಿಕೆ ನೋಡಿ. ಶೇ. 85 ಬಿ.ಎಸ್ಸಿ. ಕೃಷಿ ಪದವೀಧರರಿಗೆ. ಉಳಿದ ಶೇ. 15, ಅಂದರೆ ಸುಮಾರು 140 ಹುದ್ದೆ, ಕೃಷಿ ಇಂಜಿನಿಯರಿಂಗ್, ಆಹಾರ ತಂತ್ರಜ್ಞಾನ, ಕೃಷಿ ಜೈವಿಕ ತಂತ್ರಜ್ಞಾನ, ಕೃಷಿ ಮಾರುಕಟ್ಟೆ ಹೀಗೆ ಹಲವು ಪದವಿಗಳವರು ಹಂಚಿಕೊಳ್ಳಬೇಕು. ಅದೂ ಪ್ರತಿ ವರ್ಷ ಬರುವ ನೇಮಕಾತಿ ಅಲ್ಲ.

ಮಹಾರಾಷ್ಟ್ರದ ಕಡೆಯೂ ಇದೇ ರಗಳೆ. 2023ರ ಆರಂಭದಲ್ಲಿ ರಾಹುರಿಯ ಕೃಷಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ತರಗತಿ ಬಿಟ್ಟು ಧರಣಿ ಕೂತರು. ಎಂಪಿಎಸ್‌ಸಿ ಕೃಷಿ ಸೇವಾ ಪರೀಕ್ಷೆಯ ಪಠ್ಯದಲ್ಲಿ ತಮ್ಮ ವಿಷಯದ ಪಾಲನ್ನು ಕುಗ್ಗಿಸಿದ್ದಕ್ಕೆ ಅವರ ವಿರೋಧ. ಕೃಷಿ ಇಂಜಿನಿಯರಿಂಗ್‌ಗೆ ಪ್ರತ್ಯೇಕ ನಿರ್ದೇಶನಾಲಯ ಬೇಕು ಎಂಬುದೂ ಅವರ ಬೇಡಿಕೆಯಾಗಿತ್ತು. ಸರಕಾರದ ಹಣದಲ್ಲಿ ಕಾಲೇಜು ನಡೆಸಿ, ಸರಕಾರದ ಪರೀಕ್ಷೆಯಲ್ಲಿ ಅದೇ ವಿಷಯಕ್ಕೆ ಜಾಗ ಕಡಿಮೆ ಮಾಡಿದರೆ ಆ ಮಕ್ಕಳು ಇನ್ನೇನು ಮಾಡಬೇಕು?

ಹಾಗಾದರೆ ಖಾಸಗಿ ಕೆಲಸ. ಟ್ರ್ಯಾಕ್ಟರ್ ಕಂಪೆನಿ, ಹನಿ ನೀರಾವರಿ ಕಂಪೆನಿ, ಆಹಾರ ಸಂಸ್ಕರಣಾ ಘಟಕ. ಕೆಲಸ ಇದೆ, ಆದರೆ ಅದರಲ್ಲಿ ಎಷ್ಟೋ ಹುದ್ದೆಗಳು ಮಾರಾಟ ಮತ್ತು ಸರ್ವಿಸ್‌ನವು. ಬೈಕ್ ಹತ್ತಿ ಡೀಲರ್‌ನಿಂದ ಡೀಲರ್‌ಗೆ ತಿರುಗುವ ಕೆಲಸ. ಕೈಗೆ 20,000 ಸಂಬಳ ಬರುತ್ತದೆ ಅಂತ ಇಟ್ಟುಕೊಳ್ಳಿ. ಸರಕಾರಿ ಕಾಲೇಜಿನ ಸಾಲಕ್ಕೆ ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಗುತ್ತದೆ. ಖಾಸಗಿ ಕಾಲೇಜಿನ 13,400ರ ಕಂತು ಕಟ್ಟಿದರೆ ಉಳಿಯುವುದು 6,600. ಪುಣೆಯಲ್ಲೋ ಬೆಂಗಳೂರಿನಲ್ಲೋ ರೂಮು ಬಾಡಿಗೆ, ಊಟ ಮುಗಿಸಿ ಊರಿಗೆ ಏನು ಕಳಿಸುವುದು? ಆಗ ಕಂತು ಕಟ್ಟುವವನು ಓದಿದ ಹುಡುಗ ಅಲ್ಲ, ಊರಲ್ಲಿರುವ ಅಪ್ಪ. ದಾಳಿಂಬೆಗೆ ರೋಗ ಬಂದ ವರ್ಷ ಅವನೂ ಕಟ್ಟಲಾರ.

'ನೌಕರಿ ಯಾಕೆ, ಸ್ವಂತ ಮಾಡಲಿ' ಅನ್ನುವವರೂ ಇದ್ದಾರೆ. ಮಾಡಬಹುದು. 2002ರಲ್ಲಿ ಶುರುವಾದ ಅಗ್ರಿ ಕ್ಲಿನಿಕ್ ಯೋಜನೆಯಲ್ಲಿ 45 ದಿನದ ಉಚಿತ ತರಬೇತಿ ಇದೆ. ಒಬ್ಬರಿಗೆ 20 ಲಕ್ಷದವರೆಗಿನ ಯೋಜನೆಗೆ ಶೇ. 36, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ. 44 ಸಹಾಯಧನ ಇದೆ. ಯಂತ್ರ ಬಾಡಿಗೆ ಕೇಂದ್ರಕ್ಕೂ ಸರಕಾರದ ನೆರವಿದೆ. ಜತ್ತದ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಯಂತ್ರ, ನಮ್ಮ ಕಡೆಯ ಅಡಿಕೆಗೆ ಸುಲಿಯುವ ಯಂತ್ರ, ಎರಡಕ್ಕೂ ಗಿರಾಕಿ ಇದ್ದಾರೆ. ಆದರೆ ಸಹಾಯಧನ ಹೋಗಿ ಉಳಿದದ್ದು ಮತ್ತೆ ಸಾಲವೇ. ಓದಿನ ಸಾಲ ತಲೆ ಮೇಲೆ ಇರುವ ಹುಡುಗನಿಗೆ ಎರಡನೇ ಸಾಲ ಕೊಡುವ ಮೊದಲು ಬ್ಯಾಂಕ್ ಮ್ಯಾನೇಜರ್ ಹತ್ತು ಸಲ ಯೋಚಿಸುತ್ತಾರೆ. ಮೊದಲ ಸಾಲ ಚಿಕ್ಕದಿದ್ದವನಿಗೆ ಮಾತ್ರ ಈ ದಾರಿ ಸಲೀಸು.

ಯಾರೂ ಹೇಳದ ಅಂಕಿ

ಇಷ್ಟೆಲ್ಲ ಲೆಕ್ಕದಲ್ಲಿ ಒಂದು ಮುಖ್ಯ ಅಂಕಿಯನ್ನು ನಾವು 'ಅಂತ ಇಟ್ಟುಕೊಳ್ಳಿ' ಎಂದೇ ಹೇಳಬೇಕಾಯಿತು. ಖಾಸಗಿ ಕೆಲಸದ ಸಂಬಳ. ಅದೇ ಈ ವಿಷಯದ ತಿರುಳು. 4 ಲಕ್ಷ, 7 ಲಕ್ಷದ ಕಾಗದಕ್ಕೆ ಸಹಿ ಹಾಕಿಸುವ ವ್ಯವಸ್ಥೆ, ಆ ಕಾಲೇಜಿನಲ್ಲಿ ಆ ಕೋರ್ಸ್ ಮುಗಿಸಿದವರು ಎಷ್ಟು ದುಡಿಯುತ್ತಿದ್ದಾರೆ ಎಂದು ಅಪ್ಪ-ಅಮ್ಮನಿಗೆ ಹೇಳುವುದಿಲ್ಲ.

ಕೇಂದ್ರದ ಎನ್‌ಐಆರ್‌ಎಫ್ ರ್‍ಯಾಂಕಿಂಗ್‌ಗೆ ಕಾಲೇಜುಗಳು ಮಾಹಿತಿ ಕೊಡುತ್ತವೆ, ಅದರಲ್ಲಿ ಸಂಬಳದ ಸಾಲೂ ಇದೆ. ಆದರೆ ಅದು ಕೆಲಸ ಸಿಕ್ಕವರ ಮಧ್ಯದ ಸಂಬಳ ಮಾತ್ರ. ನಾಲ್ಕು ವರ್ಷದ ಕೋರ್ಸ್‌ಗಳೆಲ್ಲ ಒಟ್ಟಿಗೆ. ಕೃಷಿ ಇಂಜಿನಿಯರಿಂಗ್ ಎಷ್ಟು, ಬಿ.ಎಸ್ಸಿ. ಎಷ್ಟು ಅಂತ ಬೇರೆ ಬೇರೆಯಾಗಿ ಇಲ್ಲ. ಓದಿದವರ ತಲೆ ಮೇಲೆ ಎಷ್ಟು ಸಾಲ ಇದೆ ಎಂಬ ಸಾಲಂತೂ ಇಲ್ಲವೇ ಇಲ್ಲ.

ಅಮೆರಿಕದ ಶಿಕ್ಷಣ ಇಲಾಖೆ 2015ರಿಂದ 'ಕಾಲೇಜ್ ಸ್ಕೋರ್‌ಕಾರ್ಡ್' ನಡೆಸುತ್ತಿದೆ. ಯಾವ ಕಾಲೇಜು, ಯಾವ ವಿಷಯ ಅಂತ ಹಾಕಿದರೆ ಅಲ್ಲಿ ಓದಿದವರ ಮಧ್ಯದ ಸಂಬಳ ಮತ್ತು ಮಧ್ಯದ ಸಾಲ ಎರಡೂ ಕಾಣುತ್ತದೆ. ಸಾಲದ ವಿಷಯದಲ್ಲಿ ಅಮೆರಿಕವನ್ನು ಮಾದರಿ ಅನ್ನಲಾಗದು. ಅಲ್ಲಿಯ ವಿದ್ಯಾರ್ಥಿ ಸಾಲ ಭಯಂಕರವಾದದ್ದು. ಆದರೆ ಹಳ್ಳ ಎಷ್ಟು ಆಳ ಇದೆ ಎಂದು ಬೋರ್ಡಾದರೂ ಹಾಕಿದ್ದಾರೆ. ನಮ್ಮಲ್ಲಿ ಹಳ್ಳವೂ ಇದೆ, ಬೋರ್ಡೂ ಇಲ್ಲ.

ಇದು ಕಷ್ಟದ ಕೆಲಸ ಅಲ್ಲ. ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಒಂದು ಕೋರ್ಸ್‌ಗೆ ಸೇರುವ ಮಕ್ಕಳ ಸಂಖ್ಯೆ ಸಾವಿರಾರು ಇರುವುದಿಲ್ಲ. ಪಾಸಾದ ಎರಡನೇ ಮತ್ತು ಐದನೇ ವರ್ಷ ಅವರನ್ನು ಕೇಳಿ, ಹೆಸರಿಲ್ಲದೆ ಅಂಕಿ ಪ್ರಕಟಿಸಿದರೆ ಸಾಕು. ಎಷ್ಟು ಜನ ಸರಕಾರಿ ಕೆಲಸದಲ್ಲಿ, ಎಷ್ಟು ಜನ ಖಾಸಗಿಯಲ್ಲಿ, ಎಷ್ಟು ಜನ ಇನ್ನೂ ಪರೀಕ್ಷೆಗೆ ಓದುತ್ತಾ ಕೂತಿದ್ದಾರೆ, ಮಧ್ಯದ ಸಂಬಳ ಎಷ್ಟು, ಮಧ್ಯದ ಸಾಲ ಎಷ್ಟು. ಐದೇ ಸಾಲು. ಸೀಟು ಆರಿಸುವ ಪಟ್ಟಿಯ ಪಕ್ಕದಲ್ಲೇ ಅದು ಇರಬೇಕು.

ಸಹಿ ಹಾಕುವ ಮುಂಚೆ

ಸರಕಾರ ಮಾಡುವವರೆಗೆ ಕುಟುಂಬಗಳು ಕಾಯಲಾಗದು. ಹಾಗಾಗಿ ಪೋಷಕರಿಗೆ ಕೆಲವು ಮಾತು.

ಒಂದು, ಸರಕಾರಿ ಕೃಷಿ ವಿವಿಯ ಸೀಟು ಸಿಕ್ಕರೆ ಈ ಪದವಿಗೆ ಹೆದರಬೇಡಿ. ಸಾಲ ಚಿಕ್ಕದು, ದಾರಿ ಹಲವು. ಬ್ಯಾಂಕ್, ನಬಾರ್ಡ್, ಗೇಟ್ ಬರೆದು ಎಂ.ಟೆಕ್. ಎಲ್ಲ ತೆರೆದಿವೆ. ಅದೇ ಪದವಿಗೆ ಎರಡು ಪಟ್ಟು ಸಾಲ ಮಾಡಿಸುವ ಕಾಲೇಜಿನಲ್ಲಿ, ಹೋದ ಮೂರು ವರ್ಷ ಪಾಸಾದವರ ಪೈಕಿ ಹತ್ತು ಜನರ ಫೋನ್ ನಂಬರ್ ಕೇಳಿ ಮಾತಾಡಿ. ನಂಬರ್ ಕೊಡಲು ಹಿಂಜರಿದರೆ ಅದೇ ಉತ್ತರ.

ಎರಡು, ಆದಾಯ ಪ್ರಮಾಣ ಪತ್ರವನ್ನು ಸಾಲದ ಅರ್ಜಿಗೆ ಮೊದಲೇ ಮಾಡಿಸಿ, ಬಡ್ಡಿ ಸಹಾಯಧನ ಕೇಳಿ ಪಡೆಯಿರಿ. ಕಾಲೇಜಿನ ಮಾನ್ಯತೆ ಇದೆಯಾ, ವಿದ್ಯಾಲಕ್ಷ್ಮಿ ಪಟ್ಟಿಯಲ್ಲಿ ಹೆಸರಿದೆಯಾ ನೋಡಿ. ಬ್ಯಾಂಕಿನವರು ತಾವಾಗಿ ಹೇಳುತ್ತಾರೆ ಅಂತ ಕಾಯಬೇಡಿ.

ಮೂರು, ಗಡಿನಾಡಿನವರು ಎರಡೂ ರಾಜ್ಯದ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಜತ್ತದವರಿಗೆ ರಾಹುರಿ ಮತ್ತು ರಾಯಚೂರು, ಮಂಜೇಶ್ವರದವರಿಗೆ ತವನೂರು ಮತ್ತು ರಾಯಚೂರು. ಎಲ್ಲಿ ಮನ್ನಾ ಉಂಟು, ಎಲ್ಲಿ ವಿದ್ಯಾರ್ಥಿವೇತನ ಉಂಟು, ಮುಂದೆ ಯಾವ ರಾಜ್ಯದ ನೇಮಕಾತಿ ಪರೀಕ್ಷೆ ಬರೆಯಬೇಕು. ಭಾಷೆಯ ಪ್ರೀತಿ ದೊಡ್ಡದು, ಆದರೆ ಕಂತು ಕಟ್ಟುವಾಗ ಬ್ಯಾಂಕ್ ಭಾಷೆ ಕೇಳುವುದಿಲ್ಲ.

ನಮ್ಮ ಜಮಾಅತ್‌ಗಳು, ಸಂಘಟನೆಗಳು, ಗಲ್ಫಿನ ಘಟಕಗಳು ಮಾರ್ಗದರ್ಶನ ಶಿಬಿರ ಮಾಡುವಾಗ 'ಯಾವ ಕೋರ್ಸ್' ಎಂಬುದರ ಜೊತೆಗೆ 'ಎಷ್ಟು ಸಾಲ, ಎಷ್ಟು ಸಂಬಳ' ಎಂಬ ಒಂದು ತಾಸು ಇಡಲಿ. ಈ ಪದವಿ ಮುಗಿಸಿದ ನಮ್ಮವರನ್ನೇ ಕರೆದು ಮಾತಾಡಿಸಲಿ. ಬಡ್ಡಿರಹಿತ ನೆರವು ಕೊಡುವವರು ಖಾಸಗಿ ಕಾಲೇಜಿನ ಡೊನೇಶನ್‌ಗೆ ಕೊಡುವ ಬದಲು ಸರಕಾರಿ ಸೀಟು ಸಿಕ್ಕ ಮಗುವಿನ ಹಾಸ್ಟೆಲ್ ಖರ್ಚಿಗೆ ಕೊಟ್ಟರೆ ಅದೇ ಹಣದಲ್ಲಿ ಇಬ್ಬರು ಓದಬಹುದು.

ಕೊನೆಗೆ ಎರಡು ಸರಕಾರಗಳಿಗೆ. ಜತ್ತಕ್ಕೆ ನೀರು ತರಲು ಸಾವಿರಾರು ಕೋಟಿ ಇಡುತ್ತೀರಿ. ಆ ಕಾಲುವೆಯ ಕೊನೆಯಲ್ಲಿ, ಹೊಲದ ಮಟ್ಟದಲ್ಲಿ ನೀರು ಹಂಚುವ, ಅಳೆಯುವ, ಉಳಿಸುವ ಕೆಲಸಕ್ಕೆ ಕೃಷಿ ಇಂಜಿನಿಯರ್ ಹುದ್ದೆಗಳನ್ನು ಆ ಯೋಜನೆಯಲ್ಲೇ ಸೇರಿಸಿ. ಕರಜಗಿಯಂಥ ಊರಿನ ಮಗು ಸಾಲ ಮಾಡಿ ಕಲಿತ ವಿದ್ಯೆಗೆ ಅದರ ಊರಿನಲ್ಲೇ ಕೆಲಸ ಇದೆ, ಹುದ್ದೆ ಮಾತ್ರ ಇಲ್ಲ. ಸೀಟು ಸೃಷ್ಟಿಸುವವರೇ ಹುದ್ದೆಗೂ ಜವಾಬ್ದಾರರು. ಇಲ್ಲದಿದ್ದರೆ ಆ ಪದವಿಯಿಂದ ಲಾಭ ಆಗುವುದು ಬಡ್ಡಿ ಎಣಿಸುವ ಬ್ಯಾಂಕಿಗೆ ಮಾತ್ರ.